ದೊಡ್ಡಂಕಣದ ತೊಲೆ

ಹೋದ ತಿಂಗಳು ಡೆಂಕಣಿಕೋಟೆಯಿಂದ ವಾಪಸು ಬರುವಾಗ ಮಗನಿಗೆ ಹೇಳಿ ಕಲ್ಗುಡಿಪಾಳ್ಯದಲ್ಲಿ ಕಾರು ನಿಲ್ಲಿಸಿದೆ. ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟ ಕೂಡಲೇ ಹಸಿ ಸುಣ್ಣ, ಬಾವಲಿ, ಆರಿದ ಮೇಣದ ಬತ್ತಿ ಮೂರೂ ಬೆರೆತ ಹಳೆಯ ವಾಸನೆ ಮೂಗಿಗೆ ಬಂತು. ಬೇರೆಯವರಿಗೆ ಆ ವಾಸನೆಯಿಂದ ಭಕ್ತಿ ಬರುತ್ತದೋ ಏನೋ. ನನಗೆ ಮೊದಲು ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಒಂದು ಖುಷಿ ಬರುತ್ತದೆ. ಅರವತ್ತು ದಾಟಿದ ಹೆಂಗಸು ಹೀಗೆ ಬರೆಯಬಾರದು ಅಂತ ಕಾನ್ವೆಂಟಿನ ಸಿಸ್ಟರುಗಳು ಇದ್ದಿದ್ದರೆ ಹೇಳುತ್ತಿದ್ದರು. ಬರೆಯುತ್ತೇನೆ.

ಆ ಚರ್ಚು ವಿಕ್ಟೋರಿಯಾ ರಾಣಿಯ ಕಾಲದ್ದು. ಫ್ರಾನ್ಸಿನಿಂದ ಬಂದ ಪಾದ್ರಿಯೊಬ್ಬರು ಬರಗಾಲ ಮುಗಿದ ಮೇಲೆ ಜನಕ್ಕೆ ಗಂಜಿ ಕೊಟ್ಟು, ಕಲ್ಲು ಹೊರಿಸಿ ಕಟ್ಟಿಸಿದರಂತೆ. ನಕ್ಷೆಯನ್ನು ಮಾತ್ರ ಹೊಸೂರಿನ ಕುದುರೆ ಫಾರಂನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಹಳ್ಳಿಯ ಚರ್ಚನ್ನು ನೆನೆದು ಬರೆದುಕೊಟ್ಟನೆಂದು ಹೇಳುತ್ತಿದ್ದರು. ನಿಜವಿರಬೇಕು. ಕೃಷ್ಣಗಿರಿಯ ಕಾನ್ವೆಂಟಿನಲ್ಲಿ ನಮ್ಮ ಇಂಗ್ಲಿಷ್ ಪಾಠಪುಸ್ತಕದಲ್ಲಿ ಅಂಥದೇ ಚಿತ್ರವಿತ್ತು. ಮೊನಚು ಕಮಾನಿನ ಕಿಟಕಿಗಳು, ಗೋಡೆಗೆ ಒರಗಿಸಿ ಕಟ್ಟಿದ ಆನಿಕೆ ಕಲ್ಲುಗಳು, ತುದಿಯಲ್ಲಿ ಕಬ್ಬಿಣದ ಹುಂಜ ನಿಂತ ಗೋಪುರ, ಹಿಮ ಜಾರಿಹೋಗಲೆಂದು ಕಡಿದಾಗಿ ಇಳಿಸಿದ ಸೂರು. ಇಲ್ಲಿ ಹಿಮವೆಲ್ಲಿ ಬರಬೇಕು? ಮದುವೆಯಾಗಿ ಬಂದಾಗ ಮೊದಲ ಸಲ ನೋಡಿ, ಪುಸ್ತಕದ ಒಂದು ಹಾಳೆ ಹರಿದು ಹಾರಿಬಂದು ರಾಗಿ ಹೊಲದ ನಡುವೆ ಬಿದ್ದಿದೆ ಅನ್ನಿಸಿತ್ತು.

ಒಳಗೆ ಹೋದ ಮೇಲೆ ಪುಸ್ತಕದಲ್ಲಿ ಇಲ್ಲದ್ದು ಒಂದು ಕಂಡಿತು. ಪೀಠದ ಎದುರಿನ ದೊಡ್ಡಂಕಣದಲ್ಲಿ ಬೆಂಚುಗಳು. ಅಲ್ಲಿ ಮೇಲುಬೀದಿಯವರು. ಎಡಗಡೆಯ ಗೋಡೆಯಲ್ಲಿ ಎರಡು ದೊಡ್ಡ ಕಮಾನು ಒಡೆದು, ಆಚೆಗೆ ಇನ್ನೊಂದು ಅಂಕಣ ಸೇರಿಸಿದ್ದರು. ಅದು ನಮಗೆ, ಕೆಳಬೀದಿಯವರಿಗೆ. ಕಮಾನುಗಳಿಗೆ ಸೊಂಟದೆತ್ತರದ ಕಬ್ಬಿಣದ ಕಟಕಟೆ, ಅದರಲ್ಲಿ ಒಬ್ಬರು ಮಾತ್ರ ತೂರಬಹುದಾದ ಪುಟ್ಟ ಬಾಗಿಲು. ಚಿಲಕ ಆ ಕಡೆಗೆ. ಪಾದ್ರಿಗಳು ಪರಮಪ್ರಸಾದವನ್ನು ಕಟಕಟೆಯ ಮೇಲಿಂದ ನಮ್ಮ ನಾಲಿಗೆಗೆ ಇಡುತ್ತಿದ್ದರು. ದೊಡ್ಡಂಕಣಕ್ಕೆ ತೇಗದ ತೊಲೆ, ಮರದ ಹಲಗೆ, ಮೇಲೆ ಮಂಗಳೂರು ಹೆಂಚು. ನಮಗೆ ಅಷ್ಟು ಖರ್ಚು ಯಾಕೆಂದು ಈ ಸೀಮೆಯಲ್ಲಿ ಸುಮ್ಮನೆ ಸಿಗುವ ಕಲ್ಲು ಚಪ್ಪಡಿಗಳನ್ನು ಕಲ್ಲುಕಂಬದ ಮೇಲೆ ಹೊದಿಸಿ ಮುಗಿಸಿದ್ದರು. ಕೂರಲು ಚಾಪೆ.

ಎರಡು ಸೂರುಗಳ ನಡುವೆ ನೀರು ಹರಿದುಹೋಗಲು ಒಂದು ದೋಣಿ ಇತ್ತು. ಅದರಲ್ಲಿ ಎಲೆ, ಹಕ್ಕಿಗೂಡು ತುಂಬಿ, ಒಂದು ಅರಳಿ ಸಸಿ ಎದ್ದಿತ್ತು. ಮೇಲುಬೀದಿಯವರು, "ನೀರು ಅವರ ಕಡೆ ಬೀಳೋದು, ಅವರೇ ತೆಗೀಲಿ" ಅನ್ನುತ್ತಿದ್ದರು. ನಮ್ಮ ಬೀದಿಯ ಗಂಡಸರು ತೆಗೆಯಲು ಏಣಿ ಹಾಕಿದರೆ, "ನಮ್ಮ ಸೂರಿನ ಮೇಲೆ ಕಾಲಿಡ್ಬೇಡಿ" ಅಂತ ಇಳಿಸುತ್ತಿದ್ದರು. ದೋಣಿ ಯಾರದ್ದೂ ಆಗದೆ ಉಳಿದಿತ್ತು.

ನಾನು ಹೇಳಹೊರಟಿದ್ದು ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದ ಕತೆ. ಆಗ ಹೊಸೂರಿನಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದವು. ನಮ್ಮ ಯಜಮಾನರು ಅದರಲ್ಲೊಂದರಲ್ಲಿ ಶಿಫ್ಟಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ ಆರೋಗ್ಯಮ್ಮ, ಒಂದು ಹಸು. ಮಾವ ತೀರಿಕೊಂಡು ಆಗಷ್ಟೇ ತಿಂಗಳಾಗಿತ್ತು. ಅವರ ತಿಂಗಳ ಪೂಜೆಯ ದಿನ ಅತ್ತೆಗೆ ಮಂಡಿನೋವು ಹೆಚ್ಚಾಗಿತ್ತು, ನೆಲದ ಮೇಲೆ ಕೂರಲಾಗಲಿಲ್ಲ. ಪೂಜೆಗೆ ಇನ್ನೂ ಹೊತ್ತಿತ್ತು, ಚರ್ಚು ಖಾಲಿ. ಅತ್ತೆ ದೊಡ್ಡಂಕಣದ ಕಡೇ ಬೆಂಚಿನ ತುದಿಯಲ್ಲಿ, ಅರ್ಧ ಒರಗಿ ಅರ್ಧ ನಿಂತಂತೆ ಕುಳಿತರು.

ಆಗ ದೊಡ್ಡಮನೆ ರಾಯಪ್ಪನವರು ಒಳಗೆ ಬಂದರು. ಚರ್ಚಿನ ಕಮಿಟಿಗೆ ಅವರೇ ಯಜಮಾನರು, ಊರಿನ ಅರ್ಧ ಹೊಲ ಅವರದು. ಕೈಯಲ್ಲಿದ್ದ ಕೊಡೆಯ ತುದಿಯಿಂದ ಬೆಂಚನ್ನು ಕುಟ್ಟಿದರು.

"ಏ ಆರೋಗ್ಯಮ್ಮಿ, ಏಳು. ಗಂಡ ಸತ್ತ್ ಮಾತ್ರಕ್ಕೆ ಜಾಗ ಮರ್ತೋಯ್ತಾ?"

ಅತ್ತೆ ಎದ್ದರು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಎಲ್ಲರ ಹಾಗೆ ನುಂಗಿಕೊಳ್ಳುತ್ತಿದ್ದೆನೇನೋ. ರಾಯಪ್ಪನವರು ತಮ್ಮ ಆಳನ್ನು ಕರೆದು ಒದ್ದೆ ಬಟ್ಟೆ ತರಿಸಿ, ಅತ್ತೆ ಕುಳಿತಿದ್ದ ಜಾಗವನ್ನು ಒರೆಸಿಸಿದರು. ಅತ್ತೆ ಇನ್ನೂ ಅಲ್ಲೇ, ಕಂಬ ಹಿಡಿದು ನಿಂತಿದ್ದರು. ಮಳೆಗಾಲವಲ್ಲವೇ, ಒರೆಸಿದ ಜಾಗ ಬೇಗ ಆರಲಿಲ್ಲ. ಪೂಜೆ ಮುಗಿಯುವವರೆಗೂ ಕಟಕಟೆಯ ಈಚೆಯಿಂದ ನಾನು ಆ ಒದ್ದೆ ಗುರುತನ್ನೇ ನೋಡುತ್ತಿದ್ದೆ. ಮಾವನ ಹೆಸರನ್ನು ಪಾದ್ರಿಗಳು ಓದಿದ್ದು ನನಗೆ ಕೇಳಿಸಲಿಲ್ಲ.

ನಮ್ಮ ಯಜಮಾನರಿಗೆ ಹೇಳಿದರೆ, "ಬಿಡು ರೀಟಾ. ಇದೇನ್ ಹೊಸದಾ? ನಾಳೆ ಜಗಳಕ್ಕೆ ಹೋದ್ರೆ ಈ ಊರಲ್ಲಿ ಹಸೂಗೆ ಹುಲ್ಲೂ ಸಿಗಲ್ಲ" ಅಂದರು. ನಾನು ಮೆಲುಮಾತಿನವಳು ಅಂತ ಬೀದಿಯಲ್ಲಿ ಹೆಸರು. ಸಿಸ್ಟರುಗಳು ಹಾಗೇ ಬೆಳೆಸಿದ್ದರು. ಬೆನ್ನು ನೆಟ್ಟಗೆ, ದನಿ ತಗ್ಗು, ಹೊಲಿಗೆ ಸಣ್ಣ. ಆದರೆ ಒಲೆಯ ಮುಂದೆ, ಬಾವಿಯ ಹತ್ತಿರ, ಮನೆ ಒರೆಸುವಾಗ, ನಾನು ರಾಯಪ್ಪನವರನ್ನು ದಿನಕ್ಕೊಂದು ರೀತಿ ಬೀಳಿಸುತ್ತಿದ್ದೆ. ಒಂದು ದಿನ ಬಾವಿಗೆ, ಒಂದು ದಿನ ಸಗಣಿ ಗುಂಡಿಗೆ. ಒಮ್ಮೆ ಬಿಷಪ್ಪರ ಮುಂದೆ ಪಂಚೆ ಜಾರಿಸಿದ್ದೂ ಉಂಟು. ಮನಸ್ಸಿಗೆ ಬಹಳ ಹಿತವಾಗಿತ್ತು.

ದೀಪಾವಳಿ ಹೊತ್ತಿನ ಐಪಸಿ ತಿಂಗಳ ಮಳೆ ಹಿಡಿದು ಬಿಡದೆ ಹೊಡೆಯಿತು. ಆಗ ನಮ್ಮ ಚರ್ಚಿಗೆ ಹೊಸದಾಗಿ ಬಂದಿದ್ದವರು ಫಾದರ್ ಅರುಳ್. ಇನ್ನೂ ಚಿಕ್ಕ ವಯಸ್ಸು, ಸೇಲಂ ಕಡೆಯವರು. ತಮಿಳಿನಲ್ಲಿ ಉಪದೇಶದ ಪ್ರಸಂಗ ಮಾಡಿ ನಮಗಾಗಿ ಕಷ್ಟಪಟ್ಟು ಎರಡು ಮಾತು ಕನ್ನಡದಲ್ಲಿ ಹೇಳುತ್ತಿದ್ದರು. ನನ್ನ ಹೊಲಿಗೆ ನೋಡಿ, "ಎನ್ನಮ್ಮಾ ರೀಟಾ, ಪೀಠಕ್ಕೆ ಹೊಸ ಬಟ್ಟೆ ಹೊಲೀತೀಯಾ?" ಅಂದರು. ಕೆಳಬೀದಿಯವಳು ಪೀಠದ ಹತ್ತಿರ ಹೋಗುವುದು ಸಲ್ಲದು. ವಾರದ ದಿನ, ಮಧ್ಯಾಹ್ನ, ಯಾರೂ ಇಲ್ಲದಾಗ ಅವರೇ ಚಿಲಕ ತೆಗೆದು ಬಿಡುತ್ತಿದ್ದರು. ಆ ಮಳೆಗಾಲದಲ್ಲಿ ರಾಯಪ್ಪನವರ ಮಗಳು ಸ್ಟೆಲ್ಲಾಳ ಮದುವೆಯೂ ಗೊತ್ತಾಗಿತ್ತು, ಆ ಮದುವೆಗೇ ಹೊಸ ಬಟ್ಟೆ.

ಒಂದು ಶುಕ್ರವಾರ ಪೀಠದ ಅಳತೆ ತೆಗೆಯುತ್ತಿದ್ದೆ. ಚರ್ಚಿನ ಕೆಲಸದ ಅಂತೋಣಿ ತಾತ ಪೀಠದ ಮುಂದೆ ತೂಗುವ ದೀಪಕ್ಕೆ ಎಣ್ಣೆ ಹಾಕಲು ಬಂದ. ನಾನು ನೋಡುತ್ತಿದ್ದೆ. ಹೋದ ವರ್ಷದವರೆಗೂ ಅವನು ಮುಕ್ಕಾಲಿ ಹಾಕಿಕೊಂಡು ಹತ್ತುತ್ತಿದ್ದುದು ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ನೆಲದ ಮೇಲೆ ನಿಂತೇ ಹಾಕಿದ.

"ತಾತ, ಸರಪಳಿ ಉದ್ದ ಮಾಡಿದ್ರಾ?"

"ಇಲ್ಲವ್ವ. ಅದ್ಯಾಕೋ ದೀಪಾನೇ ನನ್ ವಯಸ್ಸು ನೋಡಿ ಕೆಳಿಕ್ ಬತ್ತಾ ಐತೆ" ಅಂತ ನಕ್ಕು ಹೋದ.

ಸರಪಳಿಯನ್ನೇ ಹಿಡಿದು ಕಣ್ಣು ಮೇಲಕ್ಕೆ ಹೋಯಿತು. ಅದು ತೂಗುತ್ತಿದ್ದುದು ಮೊದಲನೇ ತೊಲೆಯಿಂದ. ತೊಲೆಯ ಎಡತುದಿ ಗೋಡೆಗೆ ಹೊಕ್ಕ ಕಡೆ, ಅಂದರೆ ಆ ಯಾರದ್ದೂ ಅಲ್ಲದ ದೋಣಿಯ ಕೆಳಗೆ, ಗಾರೆ ಕಪ್ಪಾಗಿ ಊದಿತ್ತು. ತುದಿ ಅಲ್ಲಿಂದ ಕುಸಿದು, ಇಡೀ ತೊಲೆ ಆ ಕಡೆಗೆ ವಾಲಿತ್ತು. ಕೆಳಗೆ ಮುಂದಿನ ಬೆಂಚಿನ ಮೇಲೆ ರಾಗಿ ಹಿಟ್ಟಿನಂಥ ಪುಡಿ ಉದುರಿತ್ತು. ಅದು ದೊಡ್ಡಮನೆಯವರ ಬೆಂಚು. ಬೆರಳಿಂದ ಮುಟ್ಟಿ ನೋಡಿದೆ, ಮರದ ಪುಡಿ. ದೋಣಿಗೆ ನುಗ್ಗಿದ ನೀರು ಎಷ್ಟೋ ಮಳೆಗಾಲದಿಂದ ಆ ತುದಿಯನ್ನು ಕೊಳೆಸಿ, ಉಳಿದದ್ದನ್ನು ಹುಳ ತಿಂದಿತ್ತು.

ಫಾದರ್ ಪಕ್ಕದ ಕೋಣೆಯಲ್ಲೇ ಇದ್ದರು. ಕೂಗಿದರೆ ಬರುತ್ತಿದ್ದರು. ನಾನು ಕೂಗಲಿಲ್ಲ. ಅಳತೆಯ ಟೇಪು ಸುತ್ತಿಕೊಂಡು ಮನೆಗೆ ಬಂದೆ.

ಯಾಕೆ ಅಂದರೆ ಆ ಭಾನುವಾರ ಸ್ಟೆಲ್ಲಾಳ ಮದುವೆಯ ಮೂರನೇ ಕರೆ ಇತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರನ್ನು ಚರ್ಚಿನಲ್ಲಿ ಓದುತ್ತಾರೆ. ಕೊನೆಯಲ್ಲಿ, ಈ ಮದುವೆಗೆ ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಹೇಳಿ, ಅನ್ನುತ್ತಾರೆ. ಯಾರೂ ಹೇಳುವುದಿಲ್ಲ. ಹೇಳಿದ್ದನ್ನು ಅತ್ತೆಯೂ ಕೇಳಿರಲಿಲ್ಲ, ಅತ್ತೆಯ ಅತ್ತೆಯೂ ಕೇಳಿರಲಿಲ್ಲ. ಆ ಪ್ರಶ್ನೆಯಾದ ಮೇಲಿನ ಮೌನದಲ್ಲಿ ಜನ ಕೆಮ್ಮಿಕೊಳ್ಳುತ್ತಾರೆ, ಅಷ್ಟೆ.

ಭಾನುವಾರ ರಾಯಪ್ಪನವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು, ಬೆಂಚಿನ ಮೇಲಿನ ಪುಡಿಯನ್ನು ಟವೆಲಿನಿಂದ ಕೊಡವಿ, ತೊಲೆಯ ನೇರ ಕೆಳಗೆ ಕುಳಿತರು. ರೇಷ್ಮೆ ಅಂಗವಸ್ತ್ರ. ಪಕ್ಕದಲ್ಲಿ ರಾಯಕೋಟೆಯಿಂದ ಬಂದ ಗಂಡಿನ ಚಿಕ್ಕಪ್ಪ. ಪ್ರಸಂಗ ನಡೆಯಿತು, ಕಾಣಿಕೆ ಆಯಿತು, ಪರಮಪ್ರಸಾದ ಆಯಿತು. ಅಷ್ಟು ಹೊತ್ತೂ ಅವರು ಅಲ್ಲಿ ಕುಳಿತಿದ್ದರು, ನಾನು ನೋಡುತ್ತಿದ್ದೆ. ಹೊರಗೆ ಮಳೆ ಜೋರಾದಾಗ ತೊಲೆಯ ಕಡೆ ಒಮ್ಮೆ, ಅವರ ಬೋಳುತಲೆಯ ಕಡೆ ಒಮ್ಮೆ ನೋಡಿದೆ. ಪ್ರಾರ್ಥನೆ ಮಾಡುತ್ತಿದ್ದೆ ಅಂತ ಸುಳ್ಳು ಹೇಳಲಾರೆ.

ಫಾದರ್ ಹೆಸರು ಓದಿದರು. ತಮಿಳಿನಲ್ಲಿ ಕೇಳಿ, ಆಮೇಲೆ ನಮಗಾಗಿ ಕನ್ನಡದಲ್ಲಿ ಕೇಳಿದರು. "ಈ ಮದುವೆಗೆ ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಹೇಳಬೇಕು."

ನಾನು ಎದ್ದು ಕಟಕಟೆ ಹಿಡಿದು ನಿಂತೆ. "ಅಡ್ಡಿ ಇದೆ, ಫಾದರ್."

ಬೆಂಚಿನ ಸಾಲು ಸಾಲೇ ತಿರುಗಿತು. ಸ್ಟೆಲ್ಲಾಳ ಮುಖ ಸುಣ್ಣದಂತಾಯಿತು. ಗಂಡಿನ ಚಿಕ್ಕಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿ, ಆಮೇಲೆ ರಾಯಪ್ಪನವರನ್ನು ನೋಡಿದ. ನಾನು ಮುಂದಿನ ಮಾತು ಆಡಲಿಲ್ಲ. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಸುಮ್ಮನೆ ನಿಂತೆ. ನನ್ನ ಇಡೀ ಜೀವನದಲ್ಲಿ ಅಷ್ಟು ರುಚಿಯಾದ ಹೊತ್ತು ಇನ್ನೊಂದಿಲ್ಲ.

ರಾಯಪ್ಪನವರು ಎದ್ದು ನಿಂತರು. "ಏನ್... ಏನಮ್ಮಾ? ಏನದು? ಯಾರೇನ್ ಹೇಳವ್ರೆ ನಿಂಗೆ? ಹೇಳವ್ವ ತಾಯಿ, ಏನಿದ್ರೂ ಬಿಡಿಸಿ ಹೇಳ್ಬುಡು."

ನಮ್ಮ ಬೀದಿಯ ಹೆಂಗಸನ್ನು ಅವರು ತಾಯಿ ಅಂದದ್ದು ಅದೇ ಮೊದಲು. ನನ್ನ ಹಿಂದೆ ಯಾರೋ ಮೆಲ್ಲಗೆ, "ಇನ್ನೊಂದ್ಸಲ ಅನ್ಲಿ, ಇರು" ಅಂದರು. ತಿರುಗಿ ನೋಡಿದರೆ ಅತ್ತೆ.

"ಹುಡುಗಿ ಚಿನ್ನದಂಥವಳು, ಫಾದರ್" ಅಂದೆ. ದನಿ ತಗ್ಗಿಸಿ, ಸಿಸ್ಟರುಗಳು ಕಲಿಸಿದ ಹಾಗೆ. "ಅವಳಲ್ಲಿ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರೋದು ಆ ತೊಲೆಯಲ್ಲಿ. ದೊಡ್ಡಂಕಣದಲ್ಲಿ ಮದುವೆ ಮಾಡೋದಕ್ಕೆ ಆಗಲ್ಲ. ಈಗಲೋ ಆಗಲೋ ಬೀಳುತ್ತೆ."

ಎಲ್ಲರೂ ಒಟ್ಟಿಗೆ ತಲೆಯೆತ್ತಿದರು. ಅದೇ ಹೊತ್ತಿಗೆ, ದೇವರ ಕೃಪೆ ಅನ್ನಲೇ, ಮೇಲಿಂದ ಒಂದು ಹಿಡಿ ಪುಡಿ ರೇಷ್ಮೆ ಅಂಗವಸ್ತ್ರದ ಮೇಲೆ ಉದುರಿತು. ಆಮೇಲೆ ಕೇಳಬೇಕೇ. ಹಿಂದಿನ ಬಾಗಿಲು ದೂರ, ನಡುವೆ ಬೆಂಚುಗಳು. ಹತ್ತಿರ ಇದ್ದುದು ಕಟಕಟೆಯ ಬಾಗಿಲು. ದೊಡ್ಡಮನೆಯವರು ಅದಕ್ಕೆ ನುಗ್ಗಿದರು. ಚಿಲಕ ಅವರ ಕಡೆಯೇ ಇದ್ದರೂ ತುಕ್ಕು ಹಿಡಿದು ಬಿಗಿಯಾಗಿತ್ತು, ತೆಗೆಯುವ ಪಟ್ಟು ಗೊತ್ತಿದ್ದುದು ಫಾದರಿಗೆ ಮಾತ್ರ. ರಾಯಪ್ಪನವರು ಚಿಲಕ ಎಳೆದರು, ಗುದ್ದಿದರು, ಕೊನೆಗೆ ಪಂಚೆ ಎತ್ತಿ ಕಟ್ಟಿ ಕಟಕಟೆಯನ್ನೇ ಹತ್ತಿ ನಮ್ಮ ಚಾಪೆಯ ಮೇಲೆ ಇಳಿದರು. ನಮ್ಮ ಬೀದಿಯ ಜನ ಜರುಗಿ ಜಾಗ ಬಿಟ್ಟರು. "ನಿದಾನ ಸ್ವಾಮಿ, ನಿದಾನ. ಇಲ್ಲಿ ಕಲ್ ಚಪ್ಪಡಿ, ಏನೂ ಬೀಳಾಕಿಲ್ಲ" ಅಂತ ಯಾರೋ ಸಮಾಧಾನ ಮಾಡಿದರು.

ತೊಲೆ ಅವತ್ತು ಬೀಳಲಿಲ್ಲ. ವಾರದೊಳಗೆ ಬಿಷಪ್ಪರ ಕಡೆಯಿಂದ ಒಬ್ಬ ಎಂಜಿನಿಯರ್ ಬಂದು ಕಬ್ಬಿಣದ ಸಲಾಕೆ ಚುಚ್ಚಿದರೆ ಅದು ಮುದ್ದೆಗೆ ಬೆರಳು ಹೋದ ಹಾಗೆ ಹೋಯಿತು. ಬೇಸಿಗೆಯವರೆಗೆ ದೊಡ್ಡಂಕಣ ಮುಚ್ಚಬೇಕು ಅಂದ. ಪಕ್ಕದಂಕಣವನ್ನು ಸುತ್ತ ನೋಡಿ, ಇದು ಇನ್ನೂ ಮುನ್ನೂರು ವರ್ಷ ಅಲ್ಲಾಡುವುದಿಲ್ಲ ಅಂದ. ಯಾರು ಕಟ್ಟಿಸಿದರೋ ಅವರ ಜಿಪುಣತನಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ರಾಯಪ್ಪನವರು ನಮ್ಮ ಮನೆಗೆ ಬಂದದ್ದು ಅದಾದ ಮೇಲೆ. ಮಳೆಯಲ್ಲಿ ಕೊಡೆ ಹಿಡಿದು ಬಾಗಿಲಲ್ಲಿ ನಿಂತರು. ಮಡಿಸುವ ಕುರ್ಚಿ ಬಾಗಿಲ ಹಿಂದೆಯೇ ಇತ್ತು, ನಾನು ತೆಗೆಯಲಿಲ್ಲ. ಅತ್ತೆ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಪಕ್ಕದಂಕಣದ ದೀಪ, ಚಾಪೆ ನೋಡಿಕೊಳ್ಳುತ್ತಿದ್ದುದು ಅವರೇ. ಅದಕ್ಕೇ ಫಾದರ್, "ಅವರನ್ನ ಕೇಳಿ" ಅಂತ ಕಳಿಸಿದ್ದರು.

"ಆರೋಗ್ಯಮ್ನೋರೆ, ಆಗಮನ ಕಾಲ ಶುರುವಾದ್ರೆ ಕ್ರಿಸ್ಮಸ್ ಮುಗಿಯೋಗಂಟ ಮದ್ವೆ ಮಾಡಂಗಿಲ್ಲ. ಹೊಸೂರಲ್ಲಿ ಕೇಳ್ದೆ, ಆ ದಿವ್ಸ ಅಲ್ಲಿ ಬೇರೆ ಮದ್ವೆ ಐತಂತೆ. ಗಂಡಿನೋರು ಹೆಣ್ಣಿನ ಊರಲ್ಲೇ ಆಗ್ಬೇಕು ಅಂತ ಕುಂತವ್ರೆ. ನಿಮ್ ಅಂಕಣ ಒಂದ್ ದಿನಕ್ಕೆ ಬಿಟ್ಕೊಡಿ."

"ಬಿಟ್ಕೊಟ್ಟು ನಾವೆಲ್ಗೋಗಣ?"

"ಹೊರ್ಗಡೆ ಶಾಮಿಯಾನ ಹಾಕಿಸ್ತೀನಿ. ನಿಮ್ ಬೀದಿಯೋರ್ಗೆಲ್ಲ ಅಲ್ಲೇ ಊಟ."

ಅತ್ತೆ ಎದ್ದು ಹೋಗಿ ಉಗಿದು ಬಂದರು. "ಶಾಮಿಯಾನದಾಗೆ ನೀವ್ ಕುಂತ್ಕಳಿ. ಮಳೆ ಬಂದ್ರೆ ಒಳಿಕ್ ಬನ್ನಿ, ನಮ್ ಪಕ್ಕದಾಗೆ ಜಾಗ ಐತೆ."

ರಾಯಪ್ಪನವರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಆಯ್ತು. ನಾಕ್ ಬೆಂಚ್ನಾದ್ರೂ ಒಳಿಕ್ ತರುಸ್ಕತೀನಿ."

"ಬರಲ್ಲ" ಅಂದೆ ನಾನು. "ಕಟಕಟೆ ಬಾಗಿಲಲ್ಲಿ ತೂರಲ್ಲ. ಹೊರಗಿನ ಬಾಗಿಲ ಎದುರಿಗೇ ಕಲ್ಲುಕಂಬ ಇದೆ, ಬೆಂಚು ತಿರುಗಲ್ಲ. ಅಳತೆ ನೋಡಿದ್ದೀನಿ."

ನಿಜವಾಗಿಯೂ ನೋಡಿದ್ದೆ. ಹೊಲಿಗೆಯ ಟೇಪು ತೆಗೆದುಕೊಂಡು, ಅದಕ್ಕೋಸ್ಕರವೇ ಹೋಗಿ.

ಮದುವೆ ಪಕ್ಕದಂಕಣದಲ್ಲಿ ಆಯಿತು. ನಾನು ಹೊಲಿದ ಬಟ್ಟೆಯನ್ನು ಅಲ್ಲಿ ಇಟ್ಟ ಮೇಜಿಗೆ ಹಾಸಿದೆವು. ಮೇಲುಬೀದಿಯವರು ರೇಷ್ಮೆ ಸೀರೆ ಒತ್ತಿಕೊಂಡು, ಚಾಪೆಗಳ ಮೇಲೆ, ನಮ್ಮ ಮಂಡಿಗೆ ಮಂಡಿ ತಾಗಿಸಿ ಕುಳಿತರು. ಗಂಡಿನ ಚಿಕ್ಕಪ್ಪನಿಗೆ ಯಾರು ಯಾವ ಬೀದಿ ಅಂತ ಗೊತ್ತಾಗದೆ, ಅತ್ತೆಯನ್ನು ಮನೆಯ ಹಿರಿಯರೆಂದು ತಿಳಿದು ಮೊದಲು ಅವರಿಗೇ ಕೈ ಮುಗಿದ. ಅತ್ತೆ ತಿದ್ದಲಿಲ್ಲ, ಆಶೀರ್ವಾದ ಮಾಡಿದರು. ರಾಯಪ್ಪನವರು ನೋಡುತ್ತಿದ್ದರು.

ಹೊರಡುವಾಗ ಸ್ಟೆಲ್ಲಾ ನನ್ನ ಕೈ ಹಿಡಿದಳು. ಅವಳೂ ಅದೇ ಕಾನ್ವೆಂಟಿನಲ್ಲಿ, ನನ್ನ ನಂತರ ಓದಿದವಳು. "ಅಕ್ಕಾ, ಅವತ್ತು ಒಂದ್ ಗಳಿಗೆ ನನ್ ಜೀವಾನೇ ಹೋಗಿತ್ತು."

"ನಿನ್ನ ಮೇಲೆ ಸಿಟ್ಟೇನೂ ಇರಲಿಲ್ಲ ಕಣೇ."

"ಗೊತ್ತು" ಅಂದಳು. "ಯಾರ ಮೇಲೆ ಅಂತ ಅಪ್ಪಂಗೂ ಗೊತ್ತು." ಬಯ್ದಳೋ ಬಿಟ್ಟಳೋ ತಿಳಿಯಲಿಲ್ಲ. ಕೈ ಮಾತ್ರ ತಣ್ಣಗಿತ್ತು. ಅವಳ ವಿಷಯದಲ್ಲಿ ನನಗೆ ಬೇಸರವಿದೆ. ಅವಳ ಅಪ್ಪನ ವಿಷಯದಲ್ಲಿ ಇಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಫಾದರ್ ಅರುಳ್. ಶುಕ್ರವಾರವೇ ತೊಲೆ ನೋಡಿದ್ದು, ಹೇಳದೆ ಭಾನುವಾರದವರೆಗೆ ಕಾದದ್ದು, ಮಾತು ನಿಲ್ಲಿಸಿ ಸುಮ್ಮನೆ ನಿಂತದ್ದು, ಎಲ್ಲವನ್ನೂ ಹೇಳಿದೆ.

"ಪಶ್ಚಾತ್ತಾಪ ಇದೆಯಾ?"

"ಇಲ್ಲ, ಫಾದರ್."

"ಪಶ್ಚಾತ್ತಾಪ ಇಲ್ಲದೆ ಇಲ್ಲಿಗ್ಯಾಕೆ ಬಂದೆ, ಅಮ್ಮಾ?"

"ಎಷ್ಟು ಖುಷಿಯಾಯಿತು ಅಂತ ಯಾರಿಗಾದರೂ ಹೇಳಬೇಕಿತ್ತು. ಮನೇಲಿ ಹೇಳೋ ಹಾಗಿಲ್ಲ."

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. ನಗುತ್ತಿದ್ದರೋ, ದೇವರನ್ನು ಕೇಳುತ್ತಿದ್ದರೋ. ಕೊನೆಗೆ, "ರಾಯಪ್ಪನವರ ಹೆಸರಲ್ಲಿ ಒಂದು ಪ್ರಾರ್ಥನೆ ಹೇಳು. ಮನಸ್ಸಿಟ್ಟು. ಅದನ್ನು ಹೇಳಿದ ದಿನ ಬಂದು ಪ್ರಸಾದ ತಗೋ" ಅಂದರು. ಆ ಕ್ರಿಸ್ಮಸ್ಸಿನಲ್ಲಿ ಎಲ್ಲರೂ ಪ್ರಸಾದಕ್ಕೆ ಎದ್ದಾಗ ನಾನು ಚಾಪೆಯ ಮೇಲೆಯೇ ಕುಳಿತಿದ್ದೆ. ಈಸ್ಟರಿನಲ್ಲಿಯೂ. ಆ ಬೇಸಿಗೆ ಯಜಮಾನರಿಗೆ ಹೊಸೂರಿನಲ್ಲೇ ಮನೆ ಸಿಕ್ಕಿತು, ಅತ್ತೆಯನ್ನು ಕರೆದುಕೊಂಡು ಹೋದೆವು. ಹೊಸೂರಿನ ಪಾದ್ರಿಗಳಿಗೆ ಈ ಬಾಕಿ ಗೊತ್ತಿರಲಿಲ್ಲ.

ಹೋದ ತಿಂಗಳು ನೋಡಿದಾಗ ದೊಡ್ಡಂಕಣಕ್ಕೆ ಕಬ್ಬಿಣದ ತೊಲೆಗಳಿದ್ದವು. ಹೊಸ ತೊಲೆ ಏರಿಸಲು ಕಿತ್ತ ಕಟಕಟೆಯನ್ನು ಮತ್ತೆ ಹಾಕಲು ಫಾದರ್ ಬಿಡಲಿಲ್ಲವಂತೆ, ಕಮಾನುಗಳು ಬಯಲಾಗಿದ್ದವು. ಬೆಂಚುಗಳು ಆ ಕಡೆ ಈ ಕಡೆ ಎರಡೂ ಕಡೆ. ಗೋಡೆಯ ಮೇಲೆ ಒಂದು ಅಮೃತಶಿಲೆ. ಈ ಚಾವಣಿ ದಿವಂಗತ ದೊಡ್ಡಮನೆ ರಾಯಪ್ಪನವರ ದೂರದೃಷ್ಟಿಯಿಂದ ಉಳಿಯಿತು, ಅಂತ ತಮಿಳಿನಲ್ಲಿ ಕೆತ್ತಿದ್ದರು. ಕೆಳಗೆ ಕನ್ನಡದಲ್ಲಿಯೂ ಇತ್ತು. ಎರಡು ಸಲ ಓದಿದೆ.

ಸತ್ತವರ ಮೇಲೆ ಸಿಟ್ಟು ಬೇಡ ಅನ್ನಿಸಿ, ಅಲ್ಲೇ ಬೆಂಚಿನ ಮೇಲೆ ಕುಳಿತು ಕೈ ಜೋಡಿಸಿದೆ. ದೂರದೃಷ್ಟಿ ಅನ್ನುವ ಪದದ ಮೇಲೆ ಕಣ್ಣು ಬಿತ್ತು. ಎದ್ದು ಬಂದೆ.

ಮಗ ಕಾರಿನ ಬಾಗಿಲು ತೆಗೆದ. "ಪ್ರಾರ್ಥನೆ ಆಯ್ತಾ ಅಮ್ಮ?"

"ಇಲ್ಲ ಕಣೋ" ಅಂದೆ. "ನಡಿ, ಹೊತ್ತಾಯಿತು."